ಜೈಲಿನಿಂದ ಅಚ್ಚಾದ ಪತ್ರಿಕೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಕೆಂಪು ಕೋಟಿನ ಸೈನಿಕರು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ವಿಲಿಯಂ ಬೈಲಿ ಬೆರಳು ಕಚ್ಚಿಕೊಂಡಿದ್ದಾನೆ. ಆನೆಗಳ ಮೇಲೆ ಹೈದರಲಿ, ಟಿಪ್ಪು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪ ನಡೆದ ಆ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೂರೂವರೆ ಸಾವಿರಕ್ಕೂ ಹೆಚ್ಚು ಜನರ ಪಡೆ ನಾಶವಾಯಿತು. ಕೆಲವೇ ಮೈಲಿ ದೂರದಲ್ಲಿದ್ದ ಕಂಪನಿಯ ಇನ್ನೊಬ್ಬ ಸೇನಾಪತಿ ಹೆಕ್ಟರ್ ಮನ್ರೋ ನೆರವಿಗೆ ಬರಲಿಲ್ಲ. ತನ್ನ ಭಾರಿ ತೋಪುಗಳನ್ನು ಕಂಚಿಯ ಕೊಳಕ್ಕೆ ನೂಕಿ ಮದ್ರಾಸಿನ ಕಡೆಗೆ ಹಿಂದೆಗೆದ. ಸೆರೆಸಿಕ್ಕ ಬೈಲಿ ಎರಡು ವರ್ಷದ ನಂತರ ಶ್ರೀರಂಗಪಟ್ಟಣದಲ್ಲೇ ಸತ್ತ. ಅವನ ಸಮಾಧಿ ಈಗಲೂ ಅಲ್ಲಿದೆ.

ಗೆದ್ದವರು ಗೋಡೆಯ ಮೇಲೆ ಬರೆಸಿಕೊಂಡರು. ಸೋತವರ ಕಡೆಯ ಜನಕ್ಕೆ ಇಂಥ ಸುದ್ದಿ ತಿಳಿಯುತ್ತಿದ್ದ ಬಗೆ ಯಾವುದು? ತಮ್ಮ ಸರ್ಕಾರ ಎಲ್ಲಿ ಯುದ್ಧ ಮಾಡುತ್ತಿದೆ, ಎಷ್ಟು ಜನರನ್ನು ಕಳೆದುಕೊಂಡಿದೆ, ದುಡ್ಡು ಎಲ್ಲಿ ಹೋಗುತ್ತಿದೆ ಎಂಬುದನ್ನು ಕಲ್ಕತ್ತೆಯ ಒಬ್ಬ ಸಾಮಾನ್ಯ ಗುಮಾಸ್ತನೋ ವ್ಯಾಪಾರಿಯೋ ತಿಳಿಯಬೇಕಾದರೆ, ಅದಕ್ಕಿಂತ ಒಂದು ವರ್ಷ ಹಿಂದೆ, ಬಂದರಿನ ಗಾಳಿಮಾತು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಂಪನಿಯ ಕಾಗದಪತ್ರಗಳು ಲಂಡನ್ನಿನ ನಿರ್ದೇಶಕರಿಗಾಗಿ ಬರೆದವು. ಹಡಗಿನಲ್ಲಿ ಅವು ಹೋಗಿ ಮುಟ್ಟಲು ಆರು ತಿಂಗಳು ಬೇಕಿತ್ತು. ಆಳಿಸಿಕೊಳ್ಳುವವರಿಗೆ ಲೆಕ್ಕ ಹೇಳಬೇಕು ಎಂಬ ಯೋಚನೆ ಆ ಆಡಳಿತಕ್ಕೆ ಹೊಳೆದಿರಲಿಲ್ಲ.

ಹೊಳೆಸಲು ಹೋದ ಮೊದಲಿಗನನ್ನು ಹಡಗು ಹತ್ತಿಸಲಾಯಿತು. ವಿಲಿಯಂ ಬೋಲ್ಟ್ಸ್ ಎಂಬ ವ್ಯಾಪಾರಿ 1768ರಲ್ಲಿ ಕಲ್ಕತ್ತೆಯ ಕೌನ್ಸಿಲ್ ಭವನದ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದ. ಈ ಊರಿಗೆ ಅಚ್ಚುಕೂಟವಿಲ್ಲದೆ ಕಷ್ಟವಾಗಿದೆ, ಅಚ್ಚಿನ ಕೆಲಸ ಬಲ್ಲವರಿಗೆ ನೆರವು ಕೊಡುತ್ತೇನೆ, ಎಲ್ಲರಿಗೂ ಸಂಬಂಧಪಟ್ಟ ಬರಹಗಳು ನನ್ನ ಬಳಿ ಕೈಬರಹದಲ್ಲಿವೆ, ಬೇಕಾದವರು ಬಂದು ಓದಬಹುದು ಎಂಬುದು ಅದರ ಸಾರಾಂಶ. ಸ್ವಲ್ಪದರಲ್ಲೇ ಅವನನ್ನು ಬಂಗಾಳದಿಂದ ಹೊರಗೆ ಹಾಕಿದರು. ಬೋಲ್ಟ್ಸ್ ಸ್ವತಃ ಶುದ್ಧಹಸ್ತನಲ್ಲ, ಖಾಸಗಿ ವ್ಯಾಪಾರದಲ್ಲಿ ಚೆನ್ನಾಗಿ ಗಂಟು ಕಟ್ಟಿದವನು. ಆದರೂ ಕಂಪನಿ ಹೆದರಿದ್ದು ಅವನ ಗಂಟಿಗಲ್ಲ, ಕೈಬರಹದ ಆ ಕಟ್ಟಿಗೆ.

ಹನ್ನೊಂದು ವರ್ಷ ಕಳೆದ ಮೇಲೆ, 1780ರ ಜನವರಿ 29ರ ಶನಿವಾರ, ಅದೇ ಊರಿನಲ್ಲಿ ಭಾರತದ ಮೊದಲ ಅಚ್ಚಾದ ವಾರಪತ್ರಿಕೆ ಹೊರಟಿತು. ಹೆಸರು ಬೆಂಗಾಲ್ ಗೆಜೆಟ್. ಅದನ್ನು ತಂದವನು ಜೇಮ್ಸ್ ಆಗಸ್ಟಸ್ ಹಿಕ್ಕಿ, ಐರ್ಲೆಂಡಿನವನು. ಲಂಡನ್ನಿನ ಅಚ್ಚುಕೂಟದಲ್ಲಿ ಕೆಲಸ ಕಲಿತು, ವಕೀಲರ ಬಳಿ ಗುಮಾಸ್ತನಾಗಿ, ಹಡಗಿನ ವೈದ್ಯನ ಸಹಾಯಕನಾಗಿ ಕಲ್ಕತ್ತೆಗೆ ಬಂದವನು. ಇಲ್ಲಿ ಸಾಲ ಮಾಡಿ ಹಡಗಿನ ವ್ಯಾಪಾರಕ್ಕೆ ಇಳಿದ, ಸರಕು ಹಾಳಾಯಿತು, ಸಾಲಗಾರರು 1776ರಲ್ಲಿ ಜೈಲಿಗೆ ಹಾಕಿಸಿದರು. ಉಳಿದಿದ್ದ ಸ್ವಲ್ಪ ಹಣದಲ್ಲಿ ಅಚ್ಚುಮೊಳೆ ಹೊಂದಿಸಿಕೊಂಡು ಸೆರೆಮನೆಯೊಳಗೇ ಮುದ್ರಣದ ಕೆಲಸ ಶುರುಮಾಡಿದ. ಹೊರಗೆ ಬಂದ ಮೇಲೆ ಕಂಪನಿಯ ಸೈನ್ಯದ ನಿಯಮಾವಳಿಗಳನ್ನು ಅಚ್ಚುಮಾಡುವ ದೊಡ್ಡ ಕೆಲಸ ಸಿಕ್ಕಿತು. ಕೆಲಸ ಮಾಡಿಸಿಕೊಂಡ ಸರ್ಕಾರ ಬಿಲ್ಲಿನ ಹಣ ಕೊಡದೆ ಸತಾಯಿಸಿತು. ವರ್ಷಗಳ ಮೇಲೆ ಅದರಲ್ಲೊಂದು ಸಣ್ಣ ಪಾಲು ಮಾತ್ರ ಅವನ ಕೈಗೆ ಬಂತು. ಹಿಕ್ಕಿಯ ಲೇಖನಿಯ ಕಾವಿಗೆ ಈ ಬಾಕಿಯೂ ಒಂದು ಕಾರಣವೆಂಬುದನ್ನು ಮರೆಯಬಾರದು. ಸರ್ಕಾರದ ಮೇಲೆ ಸ್ವಂತದ ಕೋಪವಿದ್ದವನು ಸರ್ಕಾರದ ಬಗ್ಗೆ ಬರೆಯತೊಡಗಿದ್ದ.

ಯಾವ ಪಕ್ಷಕ್ಕೂ ಮುಚ್ಚಿದ ಬಾಗಿಲಲ್ಲ, ಯಾರ ಪ್ರಭಾವಕ್ಕೂ ಒಳಗಾಗುವುದಿಲ್ಲ ಎಂಬ ಅರ್ಥದ ಮಾತನ್ನು ಪತ್ರಿಕೆಯ ತಲೆಯ ಮೇಲೆ ಅಚ್ಚುಹಾಕಿಸಿದ್ದ. ಮೊದಮೊದಲು ರಾಜಕೀಯದ ಗೋಜಿಗೂ ಹೋಗಲಿಲ್ಲ. ಒಂದು ರೂಪಾಯಿ ಕೊಟ್ಟು ಕೊಂಡವರಿಗೆ ಸಿಗುತ್ತಿದ್ದುದು ಹಡಗುಗಳ ಆಗಮನ, ಹರಾಜಿನ ಜಾಹೀರಾತು, ಯೂರೋಪಿನ ಹಳೆಯ ಸುದ್ದಿ, ಪದ್ಯ, ಓದುಗರ ಕಾಗದ. ನನಗೆ ಈ ಓದುಗರ ಕಾಗದಗಳೇ ಆ ಪತ್ರಿಕೆಯ ಅಮೂಲ್ಯ ಭಾಗವಾಗಿ ಕಾಣುತ್ತವೆ. ಕೊಳೆತು ನಾರುವ ಬೀದಿ, ದುರ್ವಾಸನೆಯ ಸ್ಮಶಾನ, ಹೊಲಸಾದ ಕೆರೆ, ಆ ಮಾರ್ಚಿನಲ್ಲಿ ಬಡವರ ಹುಲ್ಲಿನ ಗುಡಿಸಲುಗಳನ್ನು ಸುಟ್ಟುಹಾಕಿದ ಬೆಂಕಿ, ರಸ್ತೆಗಾಗಿ ವಸೂಲಾದ ತೆರಿಗೆ ಏನಾಯಿತೆಂಬ ಪ್ರಶ್ನೆ. ಅಧಿಕಾರಿಯ ಮನೆಯಂಗಳದಲ್ಲಿ ನಿಂತು ಕೇಳಲಾಗದ್ದನ್ನು ಜನ ಅಚ್ಚಿನಲ್ಲಿ ಕೇಳಿದರು. ಪತ್ರಿಕೆಯ ಮೇಲಿನ ವಿಶ್ವಾಸ ಹುಟ್ಟಿದ್ದು ಇಂಥ ಚಿಕ್ಕ ಕಾಲಂಗಳಲ್ಲಿ.

ಆ ವರ್ಷದ ಕೊನೆಯ ತಿಂಗಳುಗಳು ಎಲ್ಲವನ್ನೂ ಬದಲಿಸಿದವು. ಜುಲೈಯಲ್ಲಿ ಹೈದರನ ದೊಡ್ಡ ಸೈನ್ಯ ಘಟ್ಟವಿಳಿದು ಕರ್ನಾಟಿಕಕ್ಕೆ ನುಗ್ಗಿತ್ತು. ಆಗಸ್ಟ್ 17ರಂದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್, ತನ್ನದೇ ಕೌನ್ಸಿಲ್ಲಿನ ವಿರೋಧಿ ಫಿಲಿಪ್ ಫ್ರಾನ್ಸಿಸ್‌ನ ಜೊತೆ ಪಿಸ್ತೂಲಿನ ದ್ವಂದ್ವಯುದ್ಧ ಮಾಡಿ ಅವನನ್ನು ಗಾಯಗೊಳಿಸಿದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರು. ಸೋಲಿನ ಸುದ್ದಿ ಬಂದೊಡನೆ ಹೇಸ್ಟಿಂಗ್ಸ್ ಹಣ ಮತ್ತು ಪಡೆ ಕೊಟ್ಟು ಸೇನಾಪತಿ ಐರ್ ಕೂಟನನ್ನು ಮದ್ರಾಸಿಗೆ ಕಳಿಸಿದ. ಹೈದರನ ಯುದ್ಧದ ವರ್ತಮಾನ ಗೆಜೆಟ್ಟಿನಲ್ಲಿ ಅಚ್ಚಾಗುತ್ತಿತ್ತು. ಈ ಯುದ್ಧಗಳಿಗೆ ಹೇಸ್ಟಿಂಗ್ಸನ ದುರಾಸೆಯೇ ಕಾರಣ, ಸಾಯುತ್ತಿರುವವರು ಬಡ ಸೈನಿಕರು ಎಂಬ ದನಿ ದಿನೇದಿನೇ ಏರಿತು.

ಹೇಸ್ಟಿಂಗ್ಸ್ ಮಾಡಿದ ಇನ್ನೊಂದು ಕೆಲಸಕ್ಕೆ ತೋಪಿನ ಸದ್ದಿರಲಿಲ್ಲ. ಕಂಪನಿಯ ಅಧಿಕಾರಿಗಳ ಮೇಲೆ ಕಣ್ಣಿಡಲೆಂದು ಬ್ರಿಟಿಷ್ ಪಾರ್ಲಿಮೆಂಟು 1774ರಲ್ಲಿ ಕಲ್ಕತ್ತೆಗೆ ಒಂದು ಸುಪ್ರೀಂ ಕೋರ್ಟು ಕೊಟ್ಟಿತ್ತು. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ, ಹೇಸ್ಟಿಂಗ್ಸನ ಶಾಲಾ ಗೆಳೆಯ. ಅಧಿಕಾರ ವ್ಯಾಪ್ತಿಯ ವಿಚಾರದಲ್ಲಿ ಕೋರ್ಟಿಗೂ ಕೌನ್ಸಿಲ್ಲಿಗೂ ಜಗಳ ಹತ್ತಿತ್ತು. 1780ರ ಅಕ್ಟೋಬರಿನಲ್ಲಿ ಹೇಸ್ಟಿಂಗ್ಸ್ ಇಂಪೆಯನ್ನು ಕಂಪನಿಯದೇ ಆದ ಸದರ್ ದಿವಾನಿ ಅದಾಲತ್ತಿನ ಮುಖ್ಯಸ್ಥನಾಗಿಯೂ ನೇಮಿಸಿದ. ಸಂಬಳ ತಿಂಗಳಿಗೆ 5,000 ರೂಪಾಯಿ, ಇಂಗ್ಲೆಂಡಿನ ರಾಜನಿಂದ ಬರುತ್ತಿದ್ದ ಸಂಬಳದ ಮೇಲೆ ಹೆಚ್ಚುವರಿ. ಕಂಪನಿ ಇಷ್ಟಪಟ್ಟಾಗ ತೆಗೆಯಬಹುದಾದ ಹುದ್ದೆ. ಕಾವಲು ಕಾಯಬೇಕಾದವನಿಗೆ, ಯಾರ ಮೇಲೆ ಕಾವಲೋ ಅವರದೇ ಕೈಯ ಸಂಬಳ. ಜಗಳ ಮುಗಿಯಿತು. ಕೋರ್ಟಿನ ಸ್ವಾತಂತ್ರ್ಯವೂ ಮುಗಿಯಿತೆಂದು ಹಿಕ್ಕಿ ಕಂಡುಕೊಂಡ, ಬರೆದ.

ಇದೇ ಹೊತ್ತಿಗೆ ಅವನಿಗೆ ಪೈಪೋಟಿ ಎದ್ದಿತು. ನಾಟಕಶಾಲೆಯ ಬರ್ನಾರ್ಡ್ ಮೆಸಿಂಕ್, ಉಪ್ಪಿನ ವ್ಯಾಪಾರಿ ಪೀಟರ್ ರೀಡ್ ಸೇರಿ ಇಂಡಿಯಾ ಗೆಜೆಟ್ ಎಂಬ ಪತ್ರಿಕೆ ಹೊರಡಿಸಲು ಹೊರಟರು. ಸರ್ಕಾರ ಅವರಿಗೆ ಉಚಿತ ಟಪಾಲಿನ ಸವಲತ್ತು ಕೊಟ್ಟಿತು. ಕಂಪನಿಯ ಹಿರಿಯ ಅಧಿಕಾರಿ ಸಿಮಿಯನ್ ಡ್ರೋಜ್ ತನಗೂ ಸೂಚನೆ ಕೊಟ್ಟಿದ್ದ, ಗವರ್ನರ್ ಜನರಲ್ಲನ ಹೆಂಡತಿ ಮರಿಯನ್‌ಗೆ ಕಾಣಿಕೆ ಒಪ್ಪಿಸಿದರೆ ಕೆಲಸವಾಗುತ್ತಿತ್ತು, ತಾನು ಒಪ್ಪಲಿಲ್ಲ ಎಂದು ಹಿಕ್ಕಿ ತನ್ನ ಪತ್ರಿಕೆಯಲ್ಲೇ ಆರೋಪಿಸಿದ. ಉತ್ತರ ಬರಲು ತಡವಾಗಲಿಲ್ಲ. ನವೆಂಬರ್ 14ರಂದು ಕೌನ್ಸಿಲ್ ಆಜ್ಞೆ ಹೊರಡಿಸಿತು: ಈ ಪತ್ರಿಕೆ ವ್ಯಕ್ತಿಗಳ ಮಾನ ಕಳೆಯುತ್ತಿದೆ, ಊರಿನ ಶಾಂತಿ ಕೆಡಿಸುತ್ತಿದೆ, ಇನ್ನು ಇದನ್ನು ಸರ್ಕಾರಿ ಅಂಚೆಯಲ್ಲಿ ಒಯ್ಯಕೂಡದು. ನಾಲ್ಕು ದಿನ ಬಿಟ್ಟು, 18ರಂದು, ಇಂಡಿಯಾ ಗೆಜೆಟ್ ಹೊರಬಂತು.

ನಾಲ್ಕು ದಿನಗಳ ಅಂತರದ ಈ ಎರಡು ಘಟನೆಗಳನ್ನು ಒಟ್ಟಿಗೆ ನೋಡಬೇಕು. ಆಪಾದನೆ ಸುಳ್ಳೆಂದು ತೋರಿಸುವ ಒಂದು ವಾಕ್ಯವೂ ಆ ಆಜ್ಞೆಯಲ್ಲಿಲ್ಲ. ವಿಚಾರಣೆಯ ಮಾತಿಲ್ಲ. ಒಬ್ಬನಿಗೆ ಸವಲತ್ತು, ಇನ್ನೊಬ್ಬನಿಗೆ ಬಾಗಿಲು ಬಂದ್. ಪತ್ರಿಕೆಗಳನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರಗಳು ಬಳಸುವ ಈ ಉಪಾಯ, ನಮ್ಮ ದೇಶದಲ್ಲಿ, ಪತ್ರಿಕೆ ಹುಟ್ಟಿದ ಹತ್ತನೆಯ ತಿಂಗಳಲ್ಲೇ ಹುಟ್ಟಿತು.

ಹಿಕ್ಕಿ ಸ್ವಂತ ಹರಕಾರರನ್ನು ನೇಮಿಸಿ ಮನೆಮನೆಗೆ ಪತ್ರಿಕೆ ಹಂಚಿಸಿದ. ಕಲ್ಕತ್ತೆಯೊಳಗೆ ಓದುಗರು ಅವನನ್ನು ಬಿಡಲಿಲ್ಲ. ಆದರೆ ಅವನ ಬರಹ ಇಲ್ಲಿಂದ ಮುಂದೆ ಎರಡು ದಾರಿಯಲ್ಲಿ ಹರಿಯಿತು, ಇದನ್ನು ಹೇಳದೆ ಈ ಕತೆ ಹೇಳಿದರೆ ಅನ್ಯಾಯವಾಗುತ್ತದೆ. ಒಂದು ಕಡೆ, ಗುತ್ತಿಗೆಗಳು ಯಾರ ಬಂಧುಗಳ ಪಾಲಾಗುತ್ತಿವೆ ಎಂಬಂಥ ತೂಕದ ಪ್ರಶ್ನೆಗಳು. ಬರ್ದ್ವಾನ್ ಕಡೆಯ ನದಿಗಳ ಒಡ್ಡು ಕಟ್ಟುವ, ದುರಸ್ತಿ ಮಾಡುವ ಗುತ್ತಿಗೆ ಮುಖ್ಯ ನ್ಯಾಯಾಧೀಶನ ದಾಯಾದಿಯೊಬ್ಬನಿಗೆ ಹೋಗಿತ್ತು. ಆ ಕೆಲಸಕ್ಕೆ ಪುಲ್‌ಬಂದಿ ಎಂದು ಹೆಸರು, ಹಿಕ್ಕಿ ಇಂಪೆಯನ್ನು ಲಾರ್ಡ್ ಪುಲ್‌ಬಂದಿ ಎಂದೇ ಕರೆದ. ಇನ್ನೊಂದು ಕಡೆ, ಬರೀ ಕೀಟಲೆ, ಬರೀ ಕೆಸರು. ರಸ್ತೆಗಳ ಮೇಲ್ವಿಚಾರಕ ಎಡ್ವರ್ಡ್ ತಿರೆಟ್ಟಾನ ಮೂಗಿನ ಮೇಲೆ ಅಡ್ಡಹೆಸರು, ಹೇಸ್ಟಿಂಗ್ಸನ ಪುರುಷತ್ವದ ಮೇಲೆ ಹೀನ ಸೂಚನೆ, ಊರಿನ ಹೆಂಗಸರ ಬಗ್ಗೆ ಪಿಸುಮಾತು. ಬರೆದವರ ಹೆಸರಿಲ್ಲದ, ಸುಳ್ಳು ಸಹಿಯ ಪತ್ರಗಳು.

ಇದರಿಂದ ಹಾನಿಯಾದದ್ದು ಹೀಗೆ. ಅದಾಲತ್ತಿನ ಸಂಬಳದ ವಿಚಾರ ಓದಿದ ಕಣ್ಣೇ ಪಕ್ಕದ ಕಾಲಂನಲ್ಲಿ ಮೂಗಿನ ಗೇಲಿ ಓದಿತು. ಎರಡಕ್ಕೂ ಒಂದೇ ಅಚ್ಚು, ಒಂದೇ ದನಿ. ಯಾವುದು ಸಂಪಾದಕನಿಗೆ ಗೊತ್ತಿರುವ ಸಂಗತಿ, ಯಾವುದು ಅವನ ಸಿಟ್ಟು ಎಂದು ಓದುಗ ವಿಂಗಡಿಸಲು ದಾರಿಯಿರಲಿಲ್ಲ. ಹಾಗೆ ವಿಂಗಡಿಸಿ ಕೊಡುವುದೇ ಸಂಪಾದಕನ ಮೊದಲ ಕೆಲಸ. ಅದನ್ನು ಮಾಡದ ಹಿಕ್ಕಿ ತನ್ನ ಎದುರಾಳಿಗಳ ಕೈಗೆ ತಾನೇ ಆಯುಧ ಕೊಟ್ಟ. ಸಂಬಳದ ವಿಚಾರಕ್ಕೆ ಉತ್ತರ ಹೇಳುವ ಕಷ್ಟ ಇಂಪೆಗೆ ಬರಲೇ ಇಲ್ಲ, ನಿಂದನೆಗೆ ಶಿಕ್ಷೆ ಕೊಟ್ಟರೆ ಸಾಕಾಯಿತು.

1781ರ ಜೂನ್‌ನಲ್ಲಿ ಹೇಸ್ಟಿಂಗ್ಸ್ ಮಾನಹಾನಿಯ ಮೊಕದ್ದಮೆಗಳನ್ನು ಹೂಡಿದ. ಜೊತೆಗೆ ಇನ್ನೊಬ್ಬ ಫಿರ್ಯಾದುದಾರ, ಸ್ವೀಡನ್ನಿನ ಪಾದ್ರಿ ಯೋಹಾನ್ ಕೀರ್ನಾಂಡರ್. ಅವನು ಅನಾಥರ ನಿಧಿಯ ಹಣ ದುರುಪಯೋಗ ಮಾಡಿದ್ದಾನೆ, ಮಿಷನ್ನಿನ ಚರ್ಚನ್ನು ಕಂಪನಿಗೆ ಮಾರಲು ನೋಡುತ್ತಿದ್ದಾನೆ ಎಂದು ಹಿಕ್ಕಿ ಬರೆದಿದ್ದ. ಪೈಪೋಟಿಯ ಪತ್ರಿಕೆಗೆ ಅಚ್ಚುಮೊಳೆ ಒದಗಿಸಿದವನು ಕೀರ್ನಾಂಡರ್ ಎಂಬ ಸಿಟ್ಟೂ ಇತ್ತು. ಕೇಳಿದ ಜಾಮೀನು ಹಿಕ್ಕಿಯಿಂದ ಹೊಂದಿಸಲಾಗದಷ್ಟು ದೊಡ್ಡದು, ಆದ್ದರಿಂದ ವಿಚಾರಣೆಗೆ ಮುಂಚೆಯೇ ಜೈಲು. ನ್ಯಾಯಪೀಠದ ಮೇಲೆ ಕುಳಿತವನು, ಲಾರ್ಡ್ ಪುಲ್‌ಬಂದಿ ಎಂದು ಅವನು ವಾರವಾರ ಚುಚ್ಚಿದ ಅದೇ ಎಲೈಜಾ ಇಂಪೆ. ದೂರುದಾರ ಆ ನ್ಯಾಯಾಧೀಶನಿಗೆ ಎರಡನೆಯ ಸಂಬಳ ಕೊಟ್ಟ ಗವರ್ನರ್ ಜನರಲ್. ನಿಂದನೆ ನಿಜವಾಗಿಯೂ ನಡೆದಿತ್ತೆಂದು ಒಪ್ಪಿದರೂ, ಈ ಪೀಠ ಕೊಟ್ಟ ಶಿಕ್ಷೆಯನ್ನು ನ್ಯಾಯವೆಂದು ಕರೆಯಲು ನನಗೆ ಮನಸ್ಸು ಬಾರದು. ಪೀಠದಲ್ಲಿದ್ದ ಇನ್ನೊಬ್ಬ ನ್ಯಾಯಾಧೀಶ ಜಾನ್ ಹೈಡ್ ಕೋರ್ಟಿನ ಕಲಾಪಗಳನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಡುತ್ತಿದ್ದ. ಕಲ್ಕತ್ತೆಯ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿ ಉಳಿದಿರುವ ಆ ಪುಸ್ತಕಗಳಿಂದಲೇ ಅಂದಿನ ಕೋರ್ಟಿನೊಳಗಿನ ಎಷ್ಟೋ ಸಂಗತಿ ನಮಗೆ ತಿಳಿದಿರುವುದು.

ಶಿಕ್ಷೆಯಾಯಿತು. ದಂಡ, ಸೆರೆವಾಸ. ಪತ್ರಿಕೆ ನಿಲ್ಲಲಿಲ್ಲ! ಜೈಲಿನಿಂದಲೇ ಹಿಕ್ಕಿ ವಾರವಾರ ಸಂಚಿಕೆ ತಂದ, ಹೇಸ್ಟಿಂಗ್ಸನ ಲಂಚಗುಳಿತನವನ್ನು ಮತ್ತೆ ಬರೆದ. ಓದುಗರು ಮತ್ತೆ ಕೊಂಡರು. ಹೇಸ್ಟಿಂಗ್ಸ್ ಮರುವರ್ಷ ಹೊಸ ಮೊಕದ್ದಮೆಗಳನ್ನು ಹಾಕಿಸಿದ. ಈ ಬಾರಿ ಗುರಿಯಿಟ್ಟದ್ದು ಮೊಳೆಗಳ ಮೇಲೆ. 1782ರ ಮಾರ್ಚ್ ಕೊನೆಗೆ ಕೋರ್ಟಿನ ಆಜ್ಞೆಯಂತೆ ಅಚ್ಚುಕೂಟ ಜಪ್ತಿಯಾಯಿತು, ಪತ್ರಿಕೆ ನಿಂತಿತು. ಹರಾಜಿನಲ್ಲಿ ಆ ಯಂತ್ರ, ಆ ಮೊಳೆಗಳನ್ನು ಕೊಂಡದ್ದು ಇಂಡಿಯಾ ಗೆಜೆಟ್. ಹಿಕ್ಕಿ ಬಿಡುಗಡೆಯಾದದ್ದು 1784ರ ಕೊನೆಗೆ, ಹೇಸ್ಟಿಂಗ್ಸ್ ಭಾರತ ಬಿಡುವ ಮುನ್ನ. ಮುಂದೆ ಅವನ ಕೈ ಏಳಲಿಲ್ಲ. 1802ರಲ್ಲಿ ಚೀನಾಕ್ಕೆ ಹೋಗುವ ಹಡಗಿನಲ್ಲಿ ಸತ್ತ.

ಅವನು ಬರೆದದ್ದರಲ್ಲಿ ಎಷ್ಟು ನಿಜ? ಇದಕ್ಕೆ ಉತ್ತರ ಕಲ್ಕತ್ತೆಯಲ್ಲಿ ಸಿಗಲಿಲ್ಲ, ಲಂಡನ್ನಿನಲ್ಲಿ ಸಿಕ್ಕಿತು. ಪತ್ರಿಕೆ ನಿಂತ ಎರಡೇ ತಿಂಗಳಿಗೆ, 1782ರ ಮೇ ತಿಂಗಳಲ್ಲಿ, ಇಂಪೆಯನ್ನು ವಾಪಸು ಕರೆಸಿಕೊಳ್ಳಬೇಕೆಂದು ಹೌಸ್ ಆಫ್ ಕಾಮನ್ಸ್ ನಿರ್ಣಯಿಸಿತು. ಕಾರಣ, ಕಂಪನಿಯ ಅದಾಲತ್ತಿನ ಆ ಹುದ್ದೆ. ಅವನ ಮೇಲಿನ ಮಹಾಭಿಯೋಗದ ಪ್ರಯತ್ನ ಮುಂದೆ ಬಿದ್ದುಹೋಯಿತು, ಆದರೆ ಕಲ್ಕತ್ತೆಯ ಪೀಠಕ್ಕೆ ಅವನು ಮರಳಲಿಲ್ಲ. ಹೇಸ್ಟಿಂಗ್ಸನ ವಿಚಾರಣೆ ಪಾರ್ಲಿಮೆಂಟಿನ ಮುಂದೆ 1788ರ ಫೆಬ್ರುವರಿಯಲ್ಲಿ ಶುರುವಾಗಿ ಏಳು ವರ್ಷ ನಡೆಯಿತು. 1795ರಲ್ಲಿ ಅವನು ಖುಲಾಸೆಯಾದ. ಕೀರ್ನಾಂಡರ್ 1787ರಲ್ಲಿ ದಿವಾಳಿಯೆದ್ದ, ಸಾಲಗಾರರ ಪಾಲಾಗಲಿದ್ದ ಚರ್ಚನ್ನು ಚಾರ್ಲ್ಸ್ ಗ್ರಾಂಟ್ ಎಂಬ ಕಂಪನಿ ಅಧಿಕಾರಿ 10,000 ರೂಪಾಯಿ ಕೊಟ್ಟು ಬಿಡಿಸಿಕೊಂಡ. ಅಂದರೆ, ಹಿಕ್ಕಿಯ ದೊಡ್ಡ ಆರೋಪಗಳು ಗಾಳಿಯಲ್ಲಿ ಹುಟ್ಟಿದವಲ್ಲ. ಅವನ್ನು ದಾಖಲೆಯೊಂದಿಗೆ, ಹೆಸರಿನೊಂದಿಗೆ, ಬೈಗುಳವಿಲ್ಲದೆ ಬರೆದಿದ್ದರೆ ಕೋರ್ಟು ಅವನನ್ನು ಬಿಡುತ್ತಿತ್ತೆಂದು ನಾನು ಹೇಳಲಾರೆ. ಜಪ್ತಿ ಮಾಡುವವರು ಹೇಗೂ ಜಪ್ತಿ ಮಾಡುತ್ತಿದ್ದರು. ಆದರೆ ಎರಡು ಶತಮಾನ ಅವನನ್ನು ಬರೀ ಬಾಯಿಬಡುಕನೆಂದು ನೆನೆಯುವ ಅವಕಾಶ ಇತಿಹಾಸಕಾರರಿಗೆ ಸಿಗುತ್ತಿರಲಿಲ್ಲ.

ಕಂಪನಿ ಈ ಪ್ರಕರಣದಿಂದ ಪಾಠ ಕಲಿಯಿತು. ಅಚ್ಚಾದ ಮೇಲೆ ಕೋರ್ಟಿಗೆ ಹೋಗುವುದು ತಡ, ತಲೆನೋವು. ಅದಕ್ಕಿಂತ ಸುಲಭ, ಸಂಪಾದಕನನ್ನೇ ಹಡಗು ಹತ್ತಿಸುವುದು. ಇಂಡಿಯನ್ ವರ್ಲ್ಡ್ ಪತ್ರಿಕೆಯ ವಿಲಿಯಂ ಡ್ವೇನ್‌ಗೆ ಹಾಗಾಯಿತು, ಅಧಿಕಾರಿಯೊಬ್ಬನ ನಡವಳಿಕೆಯ ಬಗ್ಗೆ ಪತ್ರಿಕೆಗೆ ಕಾಗದ ಬರೆದ ಚಾರ್ಲ್ಸ್ ಮೆಕ್ಲೀನ್‌ಗೂ ಹಾಗೆಯೇ. ಇನ್ನೂ ಸುಲಭದ ದಾರಿಯನ್ನು ಕಂಡುಹಿಡಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ, ಅದಕ್ಕೆ ನೆಪವಾದದ್ದು ಮತ್ತೆ ಮೈಸೂರಿನ ಯುದ್ಧ. 1799ರ ಏಪ್ರಿಲಿನಲ್ಲಿ ಅವನು ಮದ್ರಾಸಿನಲ್ಲಿದ್ದು ಟಿಪ್ಪುವಿನ ಮೇಲಿನ ದಂಡಯಾತ್ರೆ ನಡೆಸುತ್ತಿದ್ದ. ದೇಶದಲ್ಲಿ ಯೂರೋಪಿಯನ್ನರ ಬಲವೆಷ್ಟು, ದೇಶೀಯರ ಬಲವೆಷ್ಟು ಎಂಬ ಲೆಕ್ಕವನ್ನು ಏಷ್ಯಾಟಿಕ್ ಮಿರರ್ ಎಂಬ ಕಲ್ಕತ್ತೆಯ ಪತ್ರಿಕೆ ಪ್ರಕಟಿಸಿತೆಂದು ಕೆಂಡವಾದ. ಸಂಪಾದಕರ ಈ ಕುಲಕ್ಕೆ ನಿಯಮ ಮಾಡುತ್ತೇನೆ, ಅಲ್ಲಿಯವರೆಗೆ ಬಲಪ್ರಯೋಗದಿಂದ ಅಡಗಿಸಿ ಎಂದು ಕಲ್ಕತ್ತೆಗೆ ಬರೆದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಮೇ 13ರಂದು ಪತ್ರಿಕೆಗಳ ನಿಯಮಾವಳಿ ಜಾರಿಗೆ ಬಂತು. ಮುದ್ರಕನ ಹೆಸರು ಪತ್ರಿಕೆಯ ಅಡಿಯಲ್ಲಿ ಇರಬೇಕು. ಸಂಪಾದಕರು, ಮಾಲೀಕರು ತಮ್ಮ ಹೆಸರು ವಿಳಾಸ ಸರ್ಕಾರದ ಕಾರ್ಯದರ್ಶಿಗೆ ಕೊಡಬೇಕು. ಭಾನುವಾರ ಪತ್ರಿಕೆ ಕೂಡದು. ಕಾರ್ಯದರ್ಶಿ ಮೊದಲು ನೋಡಿ ಒಪ್ಪದ ಪತ್ರಿಕೆ ಹೊರಬರಕೂಡದು. ತಪ್ಪಿದರೆ ತಕ್ಷಣ ಯೂರೋಪಿಗೆ ಗಡಿಪಾರು.

ಹೀಗೆ, ಹೈದರನ ಯುದ್ಧದ ಸೋಲನ್ನು ಓದಿದ ಕಲ್ಕತ್ತೆ, ಅವನ ಮಗನ ಸಾವನ್ನು ಓದುವ ಹೊತ್ತಿಗೆ ಕಾರ್ಯದರ್ಶಿ ಒಪ್ಪಿದ್ದನ್ನು ಮಾತ್ರ ಓದುವ ಊರಾಗಿತ್ತು. ಎರಡು ಯುದ್ಧಗಳ ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಇಲ್ಲಿ ಪತ್ರಿಕೆಯೂ ಹುಟ್ಟಿತು, ಅದರ ಸಂಕೋಲೆಯೂ ಹುಟ್ಟಿತು.

ಮೊದಲೇ ತೋರಿಸಿ ಅಚ್ಚುಹಾಕುವ ಪದ್ಧತಿ 1818ರಲ್ಲಿ ಹೋಯಿತು. 1823ರಲ್ಲಿ ಪರವಾನಗಿಯ ರೂಪದಲ್ಲಿ ಹಿಡಿತ ಮತ್ತೆ ಬಂದಾಗ ರಾಜಾ ರಾಮಮೋಹನ ರಾಯ್ ತಮ್ಮ ಪರ್ಷಿಯನ್ ಪತ್ರಿಕೆ ಮಿರಾತ್‌ ಉಲ್ ಅಖ್ಬಾರನ್ನು ಪ್ರತಿಭಟನೆಯಾಗಿ ನಿಲ್ಲಿಸಿದರು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಚಾರ್ಲ್ಸ್ ಮೆಟ್ಕಾಫ್ ಆ ಪರವಾನಗಿಯನ್ನೂ ತೆಗೆದ. 1843ರ ಜುಲೈ 1ರಂದು ಪಾದ್ರಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮಂಗಳೂರ ಸಮಾಚಾರ ಹೊರಡಿಸಿದ್ದು ಈ ತೆರೆದ ಬಾಗಿಲಿನಿಂದ. ಕನ್ನಡದ ಆ ಮೊದಲ ಪತ್ರಿಕೆಯಲ್ಲಿ ಸರ್ಕಾರದ ನಿರೂಪಗಳಿಗೂ ಊರಿನ ವರ್ತಮಾನಕ್ಕೂ ಬೇರೆಬೇರೆ ಜಾಗವಿತ್ತು.

ವೆಲ್ಲೆಸ್ಲಿಯ ನಿಯಮಗಳಲ್ಲಿ ಒಂದು ಮಾತ್ರ ನಿಲ್ಲಬೇಕಾದದ್ದಿತ್ತು, ಅದು ನಿಂತಿದೆ. ಹೆದರಿಸಲೆಂದು ಮಾಡಿದ್ದಾದರೂ, ಬರೆದದ್ದಕ್ಕೆ ಹೊಣೆಗಾರ ಯಾರೆಂದು ಓದುಗನಿಗೆ ಹೇಳುವ ನಿಯಮ ಅದು. ಹಿಕ್ಕಿಯ ಸಹಿಯಿಲ್ಲದ ಕಾಗದಗಳಿಗೆ ಇಲ್ಲದೆ ಹೋದ ಗುಣ ಅದೇ. 1835ರ ಕಾಯಿದೆಯಲ್ಲಿ, 1867ರ ಕಾಯಿದೆಯಲ್ಲಿ ಅದು ಮುಂದುವರಿಯಿತು. ಈ ಹೊತ್ತಿಗೂ ಭಾರತದ ಪ್ರತಿಯೊಂದು ಪತ್ರಿಕೆ ತನ್ನ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರನ್ನು ಅಚ್ಚುಹಾಕಲೇಬೇಕು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಆ ಸಾಲನ್ನು ಓದಿ.